ನಳಿಕೆಯ ಬಾಯಿಗೆ ಕುಂಕುಮ

ಗ್ಯಾರೇಜಿನಲ್ಲಿ ಕಾರೇ ಇಡಬೇಕು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ? ಫರೀದಾಬಾದಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಲೇತ್ ಮೆಷಿನ್ ಇದೆ. ಸರ್ಕಾರಿ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವಳು ನಾನು. ಕೆಲಸ ಬಿಟ್ಟರೂ ಕೈ ಸುಮ್ಮನಿರಲಿಲ್ಲ. ಶೂಟಿಂಗ್ ಕಲಿಯುತ್ತಿರುವ ಮಗಳ ಏರ್ ರೈಫಲ್ಲಿನ ನಳಿಕೆ ಸವೆದಾಗ ಹೊಸದನ್ನು ತರಿಸಿ, ಕೂದಲೆಳೆಯಷ್ಟೂ ಅಲ್ಲಾಡದಂತೆ ನಾನೇ ಕೂರಿಸಿದೆ.

ಅವಳ ಕೋಚ್ ಮೂಗು ಮುರಿದರು. "ಮೇಡಂಜೀ, ಇದೇನು ಕುಕ್ಕರ್ ಗ್ಯಾಸ್ಕೆಟ್ಟಾ?" ಅಂದರು ಹಿಂದಿಯಲ್ಲಿ. ಮೈಯೆಲ್ಲ ಉರಿಯಿತು. "ಹೊಡೆಸಿ ನೋಡಿ" ಅಂದೆ. ಮೂರು ವಾರ ಮಗಳು ಹೊಡೆದದ್ದೆಲ್ಲ ನಟ್ಟನಡುವಿಗೇ ಬಿತ್ತು.

ಆಯ್ಕೆ ಸ್ಪರ್ಧೆಗೆ ಎರಡೇ ದಿನ ಇದ್ದಾಗ ಎಡವಟ್ಟಾಯಿತು. ಗುಂಡು ಅತ್ತ ಒಂದು, ಇತ್ತ ಒಂದು. ಕೋಚ್ ಕ್ಲಬ್ಬಿನ ರೈಫಲ್ ತಂದು ಮುಂದಿಟ್ಟರು. ಮಗಳ ಕಣ್ಣಲ್ಲಿ ನೀರು. "ಅಮ್ಮಾ, ರೆಹನೇ ದೋ ನಾ, ಬಿಟ್ಟುಬಿಡು. ಇದನ್ನೇ ತಗೋತೀನಿ."

ಅವಳು ಸೋತು ಬಂದಿದ್ದರೂ ಸಹಿಸುತ್ತಿದ್ದೆ. ನನ್ನ ಕೆಲಸವನ್ನು ಅವಳೇ ನಂಬದಿದ್ದರೆ ಹೇಗೆ? "ನಾಳೆವರೆಗೆ ತಡಿ" ಅಂದೆ.

ಮನೆಗೆ ಬಂದು ರೈಫಲ್ ಬಿಚ್ಚಿದೆ. ಜೋಡಣೆ ಭದ್ರವಾಗಿತ್ತು. ಮತ್ತೆ ಅಳೆದೆ, ಭದ್ರವೇ. ಕಿಟಕಿಯ ಬೆಳಕಿಗೆ ಹಿಡಿದರೆ ನಳಿಕೆಯ ಬಾಯಂಚಿನಲ್ಲಿ ಕೆಂಪಗೆ ಏನೋ ಮೆತ್ತಿಕೊಂಡಿದೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಿಂದಿನ ದಿನ ಆಯುಧಪೂಜೆ. ಲೇತ್‌ಗೆ, ಸ್ಪ್ಯಾನರಿಗೆ, ಸ್ಕೂಟರಿಗೆ ಹಚ್ಚಿದ ಹಾಗೆ, ಗಂಧದಲ್ಲಿ ಕಲಸಿದ ಕುಂಕುಮವನ್ನು ಇದರ ಬಾಯಿಗೂ ಒತ್ತಿದ್ದೆ. ಒಣಗಿ ಗಟ್ಟಿಯಾಗಿತ್ತು. ಅದಕ್ಕೆ ತಾಗಿದ ಗುಂಡು ನೆಟ್ಟಗೆ ಹೋದೀತೇ?

ಒರೆಸಿ ತೆಗೆದೆ. ಬಾಯಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು, ಆದರೆ ಆಗ ತಪ್ಪು ನಾನು ಕೂರಿಸಿದ ನಳಿಕೆಯ ತಲೆಗೆ ಬರುತ್ತಿತ್ತು. ಮರುದಿನ ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳಿಯೇಬಿಟ್ಟೆ. ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಚ್ಛಾ! ಇನ್ನು ಪೂಜೆನೂ ಬಿಡಿ, ಈ ಕೆಲಸಾನೂ ಬಿಡಿ."

"ಎರಡೂ ಬಿಡಲ್ಲ. ಮುಂದಿನ ವರ್ಷ ಹಿಡಿಗೆ ಹಚ್ತೀನಿ, ಅಷ್ಟೇ" ಅಂದೆ.

ಅವರು ಕ್ಲಬ್ಬಿನ ರೈಫಲನ್ನು ಮತ್ತೆ ಮಗಳ ಕಡೆ ತಳ್ಳಿದರು. ಅವಳು ಅದನ್ನು ಮುಟ್ಟಲಿಲ್ಲ. ನಾಳೆಯ ಸ್ಪರ್ಧೆಯ ಫಾರ್ಮು ತೆಗೆದು, ರೈಫಲ್ ಯಾರದು ಎಂಬಲ್ಲಿ 'ಸ್ವಂತದ್ದು' ಎಂದು ತುಂಬಿದಳು.

"ಅರೇ, ಮೊದಲು ಒಂದು ಗುಂಡು ಹೊಡೆದು ನೋಡು" ಅಂದರು ಕೋಚ್.

"ಅಮ್ಮ ನೋಡಿದಾರೆ, ಸರ್. ಬಸ್, ಅಷ್ಟು ಸಾಕು" ಎಂದು ಫಾರ್ಮನ್ನು ಅವರ ಕೈಗಿಟ್ಟಳು.