ಗಂಗೆ ಪೂಜೆಗೆ ಹತ್ತದ ಕಡ್ಡಿ

ಮೈಮೇಲೆ ದೇವರು ಬಂತು, ಮರದ ಕೆಳಗೆ ಏನೋ ಕಂಡಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕೆಲಸವಿಲ್ಲದವರಿಗೆ ಇಂಥವು ಕಾಣುತ್ತವೆ ಎಂದು ಬೈದು ಕಳಿಸುತ್ತಿದ್ದೆ. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಒಂದು ಬೆಳಗ್ಗೆ ನಡೆದದ್ದನ್ನು ಮಾತ್ರ ಹಾಗೆ ಬೈದು ಕಳಿಸಲು ಆಗಿಲ್ಲ. ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮ್ಮದು.

ತೊಂಬತ್ತರ ದಶಕದ ಮಾತು. ಅರಿಶಿನಕುಂಟೆಯಿಂದ ಸ್ವಲ್ಪ ದೂರ, ಹೆದ್ದಾರಿಯ ಕೆಳಗಿನ ಇಳಿಜಾರಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಮೆಟ್ಟಿಲು ಬಾವಿ. ಮೇಲೆ ರಸ್ತೆ ಪಕ್ಕ ಒಂದು ಪೆಟ್ರೋಲ್ ಬಂಕ್. ಆ ವರ್ಷ ಮಳೆ ಚೆನ್ನಾಗಿ ಬಿದ್ದು ಬಾವಿಯ ನೀರು ಮೇಲಕ್ಕೆ ಬಂದಿತ್ತು. ಜೊತೆಗೆ ಎಣ್ಣೆ ವಾಸನೆಯೂ ಬಂತು. ನನ್ನ ಮಗ ನಂಜುಂಡ ಲಾರಿ ಓಡಿಸುತ್ತಿದ್ದ. ಡೀಸೆಲ್ ಮೆತ್ತಿದ ಬಟ್ಟೆಯನ್ನು ಬಾವಿ ಹತ್ತಿರ ಒಗೆದು ನೀರು ಕೆಡಿಸಿದ ಎಂದು ಹದಿನೈದು ದಿನ ಅವನನ್ನು ಬೈದೆ.

“ಅಮ್ಮ, ನಾನ್ ಒಗ್ದಿದ್ದು ಪ್ಯಾಂಟು ಕಣಮ್ಮ, ಲಾರೀನಲ್ಲ,” ಎಂದ. ನಾನು ಕೇಳಲಿಲ್ಲ.

ಸೊಸೆ ಸರೋಜಳಿಗೆ ಎರಡನೇ ಹೆರಿಗೆಯಾಗಿ ಮೂರನೇ ತಿಂಗಳು. ಗಂಗೆ ಪೂಜೆ ಮಾಡದೆ ಬಾಣಂತಿ ನೀರು ಸೇದುವಂತಿಲ್ಲ. “ಈ ಗಬ್ಬು ನೀರಿಗ್ಯಾಕತ್ತೆ ಪೂಜೆ? ನಲ್ಲಿ ಹತ್ರಾನೇ ಮಾಡ್ಬಿಡೋಣ,” ಎಂದಳು.

“ನಲ್ಲಿ ಪಂಚಾಯ್ತೀದು, ಬಾವಿ ನಮ್ದು. ಸುಮ್ನೆ ಇಳಿ,” ಎಂದೆ.

ಬೆಳಗ್ಗೆ ಇಳಿದೆವು. ಪಕ್ಕದ ಹೊಲದಲ್ಲಿ ಮೂರು ಜನ ನೆಲಕ್ಕೆ ಕಬ್ಬಿಣದ ಕೊಳವೆ ತಿರುಗಿಸುತ್ತಿದ್ದರು. ಯಾರೋ ಬೋರ್ ಹಾಕಿಸುತ್ತಿದ್ದಾರೆ ಎಂದುಕೊಂಡೆ. ಸರೋಜ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನೀರಿನಂಚಿನ ಮೆಟ್ಟಿಲಲ್ಲಿ ನಿಂತಳು. ಅರಿಶಿನ ಕುಂಕುಮ ಇಟ್ಟಿದ್ದಾಯಿತು. ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ನೀರಿನಲ್ಲಿ ತೇಲಿಬಿಡುವುದು ನಮ್ಮ ಪದ್ಧತಿ. ಸೊಂಟಕ್ಕೆ ಸಿಕ್ಕಿಸಿದ್ದ ಬೆಂಕಿಪೊಟ್ಟಣ ತೆಗೆದು ಗೀರಿದೆ. ಹತ್ತಲಿಲ್ಲ. ಇನ್ನೊಂದು ಗೀರಿದೆ. ಗಾಳಿ ಇರಲಿಲ್ಲ. ಕಡ್ಡಿ ಮುರಿಯಲಿಲ್ಲ, ಮದ್ದು ಉದುರಲಿಲ್ಲ, ಒಂದು ಕಿಡಿಯೂ ಹಾರಲಿಲ್ಲ. ಗೋಡೆಗೆ ಗೀರಿದ ಹಾಗೆ ಬರೀ ಸದ್ದು. ಹತ್ತು ಹನ್ನೆರಡು ಕಡ್ಡಿ ಹಾಗೇ ಹೋದವು. ಅದೇ ಪೊಟ್ಟಣದಿಂದ ಬೆಳಗ್ಗೆ ಒಲೆ ಹಚ್ಚಿದ್ದೆ.

“ಅಪಶಕುನ ಕಣತ್ತೆ,” ಎಂದು ಸರೋಜ ಅಳುವ ಹಾಗಾದಳು.

“ಶಕುನಾನೂ ಇಲ್ಲ, ಮಣ್ಣೂ ಇಲ್ಲ. ಅಂಗಡಿಯವ್ನು ಹಳೇ ಮಾಲು ಕೊಟ್ಟವ್ನೆ,” ಎಂದು ಕಡ್ಡಿಗಳಿಗೂ ಅಂಗಡಿಯವನಿಗೂ ಸೇರಿಸಿ ಬೈದೆ. ಕರ್ಪೂರ ಹಚ್ಚದೆ ಎಲೆಯನ್ನಷ್ಟೇ ನೀರಿಗೆ ಬಿಟ್ಟು ಮೇಲೆ ಬಂದೆವು.

ಮಧ್ಯಾಹ್ನ ಹೊಲದಲ್ಲಿ ಕೊಳವೆ ತಿರುಗಿಸುತ್ತಿದ್ದವರು ನಮ್ಮ ಮನೆಗೆ ಬಂದರು. ಅವರು ಬೋರಿನವರಲ್ಲ. ಬಂಕಿನ ನೆಲದೊಳಗಿನ ಟ್ಯಾಂಕು ಸೋರುತ್ತಿದೆಯೆಂಬ ಅನುಮಾನದ ಮೇಲೆ, ಅದರ ಬೇಲಿಯಿಂದ ನಮ್ಮ ಬಾವಿಯ ಕಡೆಗೆ ಸಾಲಾಗಿ ತೂತು ಕೊರೆದು ಮಣ್ಣು ತೆಗೆದಿದ್ದರು. ಮುಖ್ಯಸ್ಥನಾಗಿದ್ದ ಇಂಜಿನಿಯರ್ ಒಂದು ಗಾಜಿನ ಶೀಶೆ ಬಿಚ್ಚಿ ಮೂಸಿಸಿದ. ಮಣ್ಣು ಕಪ್ಪಗಿತ್ತು, ನಮ್ಮ ಬಾವಿಯದೇ ವಾಸನೆ. ಬಾವಿಯಿಂದ ಒಂದು ಗಾಜಿನ ನಳಿಗೆಯಲ್ಲಿ ನೀರು ಎತ್ತಿ ತೋರಿಸಿದ. ಮೇಲೆ ಬೆರಳು ದಪ್ಪ ಬೇರೆಯದೇ ಪದರ ನಿಂತಿತ್ತು.

“ಇದು ಪೆಟ್ರೋಲು ಅಜ್ಜಿ. ಇವತ್ತೇ ಬಾವಿ ಮುಚ್ಬೇಕು,” ಎಂದ.

“ವಾಸ್ನೆ ಬಂದ್ರೆ ಏನಪ್ಪಾ, ನಾವೇನು ಕುಡೀತೀವಾ? ಬಟ್ಟೆ ಒಗೆಯೋಕಾಗುತ್ತೆ. ಮುಚ್ಚೋಕೆ ನೀನ್ಯಾರು?” ಎಂದೆ.

ಅವನು ವಾದ ಮಾಡಲಿಲ್ಲ. ಮೇಲಿನ ಪದರವನ್ನು ಒಂದು ಲೋಟದಷ್ಟು ತೆಗೆದು, ದೂರ ಬಯಲಿಗೆ ಕೊಂಡೊಯ್ದು ಮರಳಿನ ಮೇಲೆ ಸುರಿದ. ನಮ್ಮನ್ನು ಹಿಂದೆ ನಿಲ್ಲಿಸಿ, “ಬೆಂಕಿಪೊಟ್ಟಣ ಇದ್ಯಾ ಅಜ್ಜಿ?” ಎಂದ. ಹತ್ತುವುದಿಲ್ಲ ಎಂದು ಹೇಳಿಯೇ ಸೊಂಟದಿಂದ ತೆಗೆದುಕೊಟ್ಟೆ. ಅವನು ಉದ್ದದ ಕೋಲಿಗೆ ಬಟ್ಟೆ ಸುತ್ತಿ, ಕಡ್ಡಿ ಗೀರಿದ. ಮೊದಲನೆಯದೇ ಹತ್ತಿತು. ಕೋಲು ಚಾಚಿದ್ದಷ್ಟೇ, ಭಗ್ಗೆಂದು ಆಳೆತ್ತರಕ್ಕೆ ಬೆಂಕಿ ಎದ್ದಿತು.

ನಾನು ಅಲ್ಲೇ ಕುಳಿತುಬಿಟ್ಟೆ. ಅದು ಒಂದು ಲೋಟ. ಬಾವಿಯ ನೀರಿನ ಮೇಲೆಲ್ಲ ಅದೇ ಇತ್ತು, ಅದರ ಅಂಚಿನಲ್ಲಿ ಕೂಸು ಹಿಡಿದು ಸರೋಜ ನಿಂತಿದ್ದಳು, ನಿಲ್ಲಿಸಿದವಳು ನಾನು. ಬೆಳಗಿನದನ್ನು ಹೇಳಿದೆ. ಇಂಜಿನಿಯರ್ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟ. ಮಗುವನ್ನು ಇಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡೆ. “ಹಾಲು ಕುಡಿಸ್ಬೇಕು, ಕೊಡಿ ಅತ್ತೆ,” ಎಂದು ಸರೋಜ ಎರಡು ಸಲ ಕೇಳಿದರೂ ಕೊಡಲಿಲ್ಲ.

ಆಮೇಲೆ ಬಂಕಿನ ನೆಲ ಅಗೆದು ಟ್ಯಾಂಕು ಎತ್ತಿದರು. ತಳ ತುಕ್ಕು ತಿಂದು ತೂತಾಗಿತ್ತು. “ಇನ್ನಾದ್ರೂ ನನ್ ಪ್ಯಾಂಟಿನ ಮೇಲಿನ ಕೇಸು ವಜಾ ಮಾಡಮ್ಮ,” ಎಂದ ನಂಜುಂಡ. ಮಾಡಿದೆ.

ಗಂಗಮ್ಮ ಕಾಪಾಡಿದಳು ಎನ್ನುತ್ತಾಳೆ ಸರೋಜ. ಅಷ್ಟು ಕಾಳಜಿ ಇದ್ದವಳು ಎಣ್ಣೆ ಬರುವಾಗಲೇ ತಡೆಯಬಹುದಿತ್ತಲ್ಲ ಎನ್ನುತ್ತೇನೆ ನಾನು. ಬೆವರಿಗೆ ಕಡ್ಡಿ ನೆನೆದಿದ್ದವು ಎನ್ನುತ್ತಾನೆ ನಂಜುಂಡ. ಅದೇ ಸೊಂಟದಲ್ಲಿ ಮಧ್ಯಾಹ್ನದೊಳಗೆ ಒಣಗಿದವೇ? ಉಳಿದ ಕಡ್ಡಿಗಳಲ್ಲೇ ಆ ವಾರವೆಲ್ಲ ಒಲೆ ಹಚ್ಚಿದೆ, ಒಂದೂ ಕೈಕೊಡಲಿಲ್ಲ. ಮೆಟ್ಟಿಲ ಮೇಲೆ ಬಿಸಾಡಿದ್ದವನ್ನು ತಂದು ಮತ್ತೆ ಗೀರಿ ನೋಡೋಣವೆಂದು ಮಾರನೆಯ ದಿನ ಹೋದೆ. ಬಾವಿಗೆ ಆಗಲೇ ಮುಳ್ಳುತಂತಿ ಸುತ್ತಿದ್ದರು.

ಯಾಕೆ ಹತ್ತಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹತ್ತಲಿಲ್ಲ, ಅಷ್ಟೆ. ಆ ಕೂಸಿಗೆ ಈಗ ಮದುವೆ ಗೊತ್ತಾಗಿದೆ.