ನನ್ನ ಬಸ್ಸಿನ ಗೂಢಚಾರ

ಪುಸ್ತಕ ಓದಿದರೆ ಮನುಷ್ಯನಿಗೆ ಬುದ್ಧಿ ಬರುತ್ತದೆ ಎನ್ನುವವರು ನಮ್ಮ ಕಂಡಕ್ಟರ್ ರಾಜಾರಾಮನನ್ನು ನೋಡಿಲ್ಲ. ನಾನು ನೋಡಿದ್ದೇನೆ. ಅಥಣಿ–ರಾಯಬಾಗ ದಾರಿಯಲ್ಲಿ ವರ್ಷಗಟ್ಟಲೆ ನಾನು ಸ್ಟೇರಿಂಗ್ ಹಿಡಿದಿದ್ದೇನೆ, ಅವನು ನನ್ನ ಬೆನ್ನ ಹಿಂದೆ ಸೀಟಿ ಊದಿದ್ದಾನೆ. ಅವನು ಅಲಖನೂರಿನವನು, ನಾನು ಐಗಳಿಯವನು. ವಯಸ್ಸಿನಲ್ಲಿ ನಾನು ದೊಡ್ಡವನಾದ್ದರಿಂದ ನನ್ನನ್ನು ಅವನು ತವನಪ್ಪ ಕಾಕಾ ಎನ್ನುತ್ತಿದ್ದ. ಅವನ ದೆಸೆಯಿಂದ ಇಡೀ ಡಿಪೋಕ್ಕೇ ನಾನು ಕಾಕಾ ಆದೆ.

ರಾಜಾರಾಮ ಒಂದು ರೂಪಾಯಿ ತಿಂದವನಲ್ಲ. ಇದನ್ನು ಅವನ ದೊಡ್ಡ ಗುಣವೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ತಿನ್ನುವುದಕ್ಕೂ ಸ್ವಲ್ಪ ಧೈರ್ಯ ಬೇಕು, ಅದು ಅವನಲ್ಲಿರಲಿಲ್ಲ, ಅಷ್ಟೇ. ಇಸ್ತ್ರಿ ಮಾಡಿದ ಖಾಕಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕೊರಳಲ್ಲಿ ಟಿಕೆಟ್ ಮಷಿನ್ನು. ಒಂದು ಮುದುಕಿ ಬಸ್ಸು ಹತ್ತಲು ಕೈ ಚಾಚಿದರೆ ಆ ಕೈ ಹಿಡಿಯಬೇಕೋ ಬೇಡವೋ ಎಂದು ಯೋಚಿಸುವ ಹೊತ್ತಿಗೆ ಮುದುಕಿ ತಾನೇ ಹತ್ತಿ ಕೂತಿರುತ್ತಿದ್ದಳು.

ನಮ್ಮ ಕಸುಬಿನ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ದಾರಿಯಲ್ಲಿ ಎಲ್ಲಿಯಾದರೂ ಚೆಕಿಂಗ್‌ನವರು ಜೀಪು ನಿಲ್ಲಿಸಿಕೊಂಡು ಕಾದಿದ್ದರೆ, ಅವರನ್ನು ದಾಟಿ ಬಂದ ಡ್ರೈವರ್ ಎದುರು ಬರುವ ಬಸ್ಸಿಗೆ ಹೆಡ್‌ಲೈಟ್ ಮಿನುಗಿಸಿ, ಎರಡು ಬೆರಳನ್ನು ಭುಜದ ಮೇಲಿಟ್ಟು ತೋರಿಸುತ್ತಾನೆ. ಸಾಹೇಬರು ಮುಂದಿದ್ದಾರೆ ಎಂದು ಅರ್ಥ. ಇದು ಕಳ್ಳರ ಸನ್ನೆಯಲ್ಲ. ಕಬ್ಬಿನ ಹಂಗಾಮಿನಲ್ಲಿ ಬಸ್ಸಿನ ಬಾಗಿಲಿಗೂ ಜನ ಜೋತುಬಿದ್ದಾಗ ಎಂಥ ಪ್ರಾಮಾಣಿಕ ಕಂಡಕ್ಟರನಿಗೂ ಟಿಕೆಟ್ ಕೊಡುವುದು ಹಿಂದೆ ಬೀಳುತ್ತದೆ. ಡ್ರೈವರ್ ಒಂದು ಮಾತು ಕೂಗಿದರೆ ಅವನು ಬೇಗ ಮುಗಿಸಿಕೊಳ್ಳುತ್ತಾನೆ. ಚೆಕಿಂಗ್‌ನವರಿಗೆ ಒಳಗಿನ ಸುದ್ದಿ ಕೊಡುವವನು ಎಂದು ಒಬ್ಬ ಡ್ರೈವರ್ ಹೆಸರು ಕೆಟ್ಟಿತೋ, ಅವನಿಗೆ ಆ ಬೆಳಕು ಯಾರೂ ತೋರಿಸುವುದಿಲ್ಲ. ಅವನ ಜೊತೆ ಚಹಾ ಕುಡಿಯುವವರೂ ಇರುವುದಿಲ್ಲ. ನಮಗೆ ಇದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ.

ಎರಡು ಸಾವಿರದ ಹನ್ನೊಂದರ ದೀಪಾವಳಿ ಮುಗಿದ ಮೇಲೆ ನಮ್ಮನ್ನು ನಿಪ್ಪಾಣಿಗೆ ಸ್ಪೆಷಲ್ ಡ್ಯೂಟಿ ಮೇಲೆ ಕಳಿಸಿದರು. ಅಲ್ಲಿ ಸ್ಟ್ಯಾಂಡಿನ ಹೊರಗೆ ಹಳೇ ಪುಸ್ತಕದ ಗಾಡಿಯಲ್ಲಿ ಈ ಮಹಾಶಯ ಒಂದು ದಪ್ಪ ಕಾದಂಬರಿ ಕೊಂಡ. ರಟ್ಟು ಹೋಗಿತ್ತು, ಹಾಳೆ ತುಂಬ ತಂಬಾಕಿನ ವಾಸನೆ. ದೆಹಲಿಯ ಒಂದು ಗುಪ್ತ ಕಚೇರಿಯಲ್ಲಿ ಐದು ಜನ ಗೆಳೆಯರು. ಅವರಲ್ಲಿ ಒಬ್ಬ ದೇಶದ ಗುಟ್ಟನ್ನು ವೈರಿಗಳಿಗೆ ಮಾರುತ್ತಿದ್ದಾನೆ. ಯಾರು? ಕಥಾನಾಯಕನಿಗೆ ಗೊತ್ತಿಲ್ಲ. ಒಂದೊಂದು ಅಧ್ಯಾಯಕ್ಕೂ ಒಬ್ಬೊಬ್ಬರ ಮೇಲೆ ಅನುಮಾನ. ಇಷ್ಟನ್ನು ರಾಜಾರಾಮನೇ ನನಗೆ ಹೇಳಿದ, ಸ್ಟಾಪಿಗೆ ಒಂದು ಕಂತಿನಂತೆ.

ಮೊದಮೊದಲು ನನಗೂ ಮಜಾ ಎನಿಸಿತು. ಆಮೇಲೆ ಕಥೆ ಪುಸ್ತಕದಿಂದ ಎದ್ದು ಅವನ ತಲೆಯೊಳಗೆ ಕೂತುಬಿಟ್ಟಿತು. ನಮ್ಮ ಸ್ಟ್ಯಾಂಡಿನ ಗಿರಿಜವ್ವನ ಚಹಾದ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರತೊಡಗಿದ. ನಾನು ಒಂದು ಗುಟುಕು ಕುಡಿದ ಮೇಲೆಯೇ ತಾನು ಕಪ್ಪು ಎತ್ತುತ್ತಿದ್ದ. ಗಿರಿಜವ್ವನ ಚಹಾಕ್ಕೆ ವಿಷ ಬೆರೆಸುವ ವೈರಿದೇಶ ಯಾವುದಿರಬಹುದು ಎಂದು ನಾನು ಬಹಳ ಯೋಚಿಸಿದೆ, ಹೊಳೆಯಲಿಲ್ಲ. ಏನಾದರೂ ಕೇಳಿದರೆ ಅರ್ಧ ಮಾತಾಡಿ ಕಿಟಕಿಯಾಚೆ ನೋಡುತ್ತಿದ್ದ. ಇವನ ಹತ್ತಿರ ಇದ್ದ ದೊಡ್ಡ ಗುಟ್ಟೆಂದರೆ ಕೂದಲಿಗೆ ಬಣ್ಣ ಹಚ್ಚುತ್ತಿದ್ದುದು. ಅದೂ ಬೆವರು ಬಂದಾಗ ಕಿವಿಯ ಹತ್ತಿರ ಕಪ್ಪಗೆ ಇಳಿದು ಊರಿಗೆಲ್ಲ ತಿಳಿಯುತ್ತಿತ್ತು.

ಒಂದು ದಿನ ಅವನ ಹೆಂಡತಿ ಸಪನಾ ಸ್ಟ್ಯಾಂಡಿಗೇ ಬಂದಳು. ಅವಳ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಕಾಕಾ, ಇವರಿಗೆ ಏನ್ ಆಗೈತಿ ನೀವರ ಕೇಳ್ರಿ. ಚಪಾತಿ ಬಿಟ್ಟು ರೊಟ್ಟಿ ಯಾಕ ಕಟ್ಟಿದಿ, ಯಾರ್ ಹೇಳಿದ್ರು ಅಂತ ಕೇಳಾಕತ್ತಾರ. ಗೋದಿ ಹಿಟ್ಟ ಮುಗದಿತ್ತು ಅಂದ್ರ ನಂಬವಲ್ರು. ಡಬ್ಬಿ ತಗದ್ ನೋಡಿದ್ರು."

"ಪುಸ್ತಕ ಓದಾಕತ್ತಾನ ತಂಗಿ. ಮುಗೀತಂದ್ರ ಸರಿ ಆಗ್ತಾನ," ಎಂದೆ.

"ಎಂದ ಮುಗಿತೈತ್ರಿ? ಒಂದ್ ಹಾಳಿ ಓದ್ತಾರ, ಎರಡ್ ತಾಸು ನನ್ನ ಮಾರಿ ನೋಡ್ಕೋತ ಕುಂದರ್ತಾರ."

ಮುಂದಿನ ಸರದಿ ನನ್ನದೇ ಇತ್ತು. ಪುಸ್ತಕದ ನಾಯಕ ಮೂವರು ಗೆಳೆಯರಿಗೆ ಮೂರು ಬೇರೆ ಬೇರೆ ಜಾಗದ ಸುಳ್ಳು ಹೇಳುತ್ತಾನಂತೆ. ವೈರಿಗಳು ಎಲ್ಲಿ ಕಾಣಿಸಿಕೊಳ್ಳುತ್ತಾರೋ ಆ ಜಾಗದ ಸುಳ್ಳು ಕೇಳಿದವನೇ ದ್ರೋಹಿ. ನಮ್ಮ ಪತ್ತೇದಾರ ಅದನ್ನೇ ಮಾಡಿದ. ನಾಳೆ ಬೀಗರನ್ನು ಟಿಕೆಟ್ ಇಲ್ಲದೆ ಕೂರಿಸಿಕೊಂಡು ಹೋಗುತ್ತೇನೆ ಎಂದು ಮೂವರಿಗೂ ಹೇಳಿದ. ಹೆಂಡತಿಗೆ ದರೂರಿನಿಂದ ಎಂದ, ಗಿರಿಜವ್ವನಿಗೆ ಹಾರೂಗೇರಿಯಿಂದ ಎಂದ, ನನಗೆ ಚಿಂಚಲಿಗೆ ದಾರಿ ಕವಲೊಡೆಯುವ ಫಾಟಾದಿಂದ ಎಂದ. ಮರುದಿನ ಚಿಂಚಲಿ ಫಾಟಾದಲ್ಲಿ ಚೆಕಿಂಗ್ ಜೀಪು ನಿಂತಿತ್ತು. ಆ ದಿನ ಹುಣ್ಣಿಮೆಯೂ ಆಗಿತ್ತು. ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕ ದೇವಿಯ ದರ್ಶನಕ್ಕೆ ಮಂದಿ ಹರಿದು ಬರುತ್ತಾರೆ, ಆವತ್ತು ಚೆಕಿಂಗ್‌ನವರು ಫಾಟಾ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ ಎಂಬುದು ಅಲ್ಲಿ ಶೇಂಗಾ ಮಾರುವವರಿಗೂ ಗೊತ್ತು. ಹುಟ್ಟಿದಾಗಿನಿಂದ ಆ ದಾರಿಯಲ್ಲೇ ಓಡಾಡಿದ ರಾಜಾರಾಮನಿಗೆ ಪಂಚಾಂಗ ಮರೆತುಹೋಗಿತ್ತು. ಸಾಲದ್ದಕ್ಕೆ ಜೀಪಿನಿಂದ ಇಳಿದವನು ಬಾಳಾಸಾಬ. ಬಾಳಾಸಾಬ ನನ್ನ ಹೆಂಡತಿಯ ತವರೂರಿನವನು. ಇದನ್ನು ನಾನು ಎಂದೂ ಮುಚ್ಚಿಟ್ಟಿರಲಿಲ್ಲ. ಅವನು ನನಗೆ ಕೈಮುಗಿದು "ಆರಾಮ್ರಿ?" ಎಂದ, ನಾನೂ ಆರಾಮ್ ಎಂದೆ. ರಾಜಾರಾಮ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಅನುಭವಿಗಳು ಅದನ್ನು ಹೊಟ್ಟೆ ಉಬ್ಬರ ಎನ್ನುತ್ತಾರೆ, ಅವನು ಅದನ್ನು ತೀಕ್ಷ್ಣ ದೃಷ್ಟಿ ಎಂದುಕೊಂಡಿದ್ದ.

ಸಂಕ್ರಾಂತಿ ಕಳೆದ ಮೇಲೆ ಆ ದಿನ ಬಂತು. ಹಾರೂಗೇರಿಯಲ್ಲಿ ಕಬ್ಬು ಕಡಿಯುವ ಗ್ಯಾಂಗೊಂದು ಕುಡಗೋಲು, ಬುಟ್ಟಿ, ಮಕ್ಕಳ ಸಮೇತ ಹತ್ತಿತು. ಬಸ್ಸಿನೊಳಗೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಂಡಕ್ಟರ್ ಸಾಹೇಬರು ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಪುಸ್ತಕ ಬಿಡಿಸಿ ಕೂತಿದ್ದರು. ಟಿಕೆಟ್ ಅರ್ಧಕ್ಕೂ ಹೆಚ್ಚು ಬಾಕಿ. ಅಷ್ಟರಲ್ಲಿ ಎದುರಿನಿಂದ ಮಾಯಪ್ಪನ ಬಸ್ಸು ಬಂತು. ಮಾಯಪ್ಪ ನಮ್ಮ ಡಿಪೋದವನೇ. ಬೆಳಕು ಮಿನುಗಿಸಿ, ಎರಡು ಬೆರಳು ಭುಜದ ಮೇಲಿಟ್ಟು ಹೋದ.

"ರಾಜಾರಾಮ, ಮುಂದ ಚೆಕಿಂಗ್ ಐತಿ. ಏಳು, ತಿಕೀಟ ಮುಗಸು," ಎಂದು ಕೂಗಿದೆ.

ಅವನು ತಲೆ ಎತ್ತಿ ಮುಗುಳ್ನಕ್ಕ. "ಗೊತ್ತೈತಿ ಬಿಡ್ರಿ ಕಾಕಾ," ಎಂದ. ಮತ್ತೆ ಓದತೊಡಗಿದ.

ಬಸ್ಸನ್ನು ನಿಧಾನ ಮಾಡಿದೆ. ಅವನು ಏಳಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಆಗಲೂ ಏಳಲಿಲ್ಲ. ಇವನ ನೌಕರಿ ಹೋದೀತು, ಸಪನಾ ಏನು ಮಾಡಿಯಾಳು ಎನಿಸಿತು. ರೇಡಿಯೇಟರ್ ಕಾದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಈಗಲಾದರೂ ಎದ್ದು ಟಿಕೆಟ್ ಕೊಡುತ್ತಾನೆ ಎಂದುಕೊಂಡೆ. ಎದ್ದ, ನಿಜ. ಪುಸ್ತಕವನ್ನು ಸೀಟಿನ ಮೇಲೆ ಬೋರಲು ಹಾಕಿ ಕೆಳಗಿಳಿದ. ಜಾಲಿಗಿಡದ ಹಿಂದೆ ಹೋಗಿ ಬಗ್ಗಿ ನಿಂತ. ನಾನು ಯಾರನ್ನು ಭೇಟಿಯಾಗಲು ಬಸ್ಸು ನಿಲ್ಲಿಸಿದ್ದೇನೆ ಎಂದು ನೋಡಲು!

ನಿಂತ ಬಸ್ಸನ್ನು ದೂರದಿಂದ ಕಂಡು ಜೀಪೇ ನಮ್ಮತ್ತ ಬಂತು. ಇಳಿದವನು ಮತ್ತದೇ ಬಾಳಾಸಾಬ. ಬಸ್ಸಿನ ತುಂಬ ಟಿಕೆಟ್ ಇಲ್ಲದ ಜನ. ಕಂಡಕ್ಟರ್ ಎಲ್ಲಿ ಎಂದರೆ ಗ್ಯಾಂಗಿನ ಹೆಂಗಸೊಬ್ಬಳು ಕಿಟಕಿಯಿಂದ ಜಾಲಿಗಿಡದತ್ತ ಕೈ ಮಾಡಿದಳು. ರಾಜಾರಾಮ ಮುಳ್ಳಿಗೆ ಸಿಕ್ಕ ಅಂಗಿ ಬಿಡಿಸಿಕೊಳ್ಳುತ್ತ ಹೊರಗೆ ಬಂದ. ಬೇರೆಯವನಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದ. ಇವನು ನನ್ನತ್ತ ಬೆರಳು ಮಾಡಿ, "ಸಿಕ್ರಿ ಕಾಕಾ, ಇವತ್ತ ಸಿಕ್ರಿ," ಎಂದ. ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು. ಆ ಕ್ಷಣ ಅವನ ಕಪಾಳಕ್ಕೆ ಬಾರಿಸಬೇಕಿತ್ತು.

ಅವನು ಸಸ್ಪೆಂಡ್ ಆದ. ವಿಚಾರಣೆಯಲ್ಲಿ ಸಾಹೇಬರು ನನ್ನನ್ನೂ ಕರೆದು, ಮುಂದೆ ಚೆಕಿಂಗ್ ಇರುವುದು ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಹೌದು ಎಂದರೆ ಮಾಯಪ್ಪನ ಹೆಸರು ಹೇಳಬೇಕು, ಎಲ್ಲ ಡ್ರೈವರ್‌ಗಳ ಸನ್ನೆ ಹೊರಗೆ ಬೀಳುತ್ತದೆ. "ಗೊತ್ತಿರಲಿಲ್ರಿ ಸಾಹೇಬ್ರ," ಎಂದೆ. ಮೂಲೆಯಲ್ಲಿ ನಿಂತಿದ್ದ ರಾಜಾರಾಮ ತಲೆ ಅಲ್ಲಾಡಿಸಿದ. ಅವನಿಗೆ ಇನ್ನೇನು ಬೇಕಿತ್ತು? ನಾನು ಸುಳ್ಳು ಹೇಳಿದ್ದನ್ನು ಅವನು ಕಿವಿಯಾರೆ ಕೇಳಿದ್ದ.

ಕಾಕಾನೇ ಚೆಕಿಂಗ್‌ನವರಿಗೆ ಸುದ್ದಿ ಕೊಡುವವನು ಎಂದು ಡಿಪೋದಲ್ಲಿ ಅವನು ಊದಬೇಕಾದುದನ್ನೆಲ್ಲ ಊದಿದ. ನನಗೆ ಆಶ್ಚರ್ಯವಾದದ್ದು ಉಳಿದವರನ್ನು ಕಂಡು. ಜೀವಮಾನದಲ್ಲಿ ಒಂದು ಪುಸ್ತಕ ಮುಟ್ಟದವರೆಲ್ಲ ಒಂದೇ ದಿನದಲ್ಲಿ ಪತ್ತೇದಾರರಾದರು. ಮಾಯಪ್ಪ ಎಲ್ಲರೆದುರು ಕೇಳಿದ.

"ನಾ ಸನ್ನೆ ಮಾಡಿದ್ದು ನೀವು ನೋಡಿದ್ರಿ. ನೋಡಿನೂ ಅಡವ್ಯಾಗ ಗಾಡಿ ಯಾಕ ನಿಲ್ಲಿಸಿದ್ರಿ ಕಾಕಾ?"

"ಅಂವ ತಿಕೀಟ ಕೊಡ್ಲಿ ಅಂತ ನಿಲ್ಲಿಸಿದ್ನೋ ಮಾರಾಯ."

"ಹೌದೇನ್ರಿ? ಬಾಳಾಸಾಬ ನಿಮ್ಮ ಮಂದೀನ ಅಲ್ರಿ?"

ಇಷ್ಟು ವರ್ಷ ಇವನ ಬಸ್ಸಿಗೆ ನಾನು ಎಷ್ಟು ಸಲ ಬೆಳಕು ತೋರಿಸಿದ್ದೆ! ಮರುದಿನದಿಂದ ಎದುರಿನ ಬಸ್ಸುಗಳು ನನ್ನನ್ನು ಕಂಡರೂ ಕಾಣದಂತೆ ಹೋದವು. ಯಾವ ಕಂಡಕ್ಟರನೂ ನನ್ನ ಬಸ್ಸಿಗೆ ಮನಸ್ಸಿನಿಂದ ಬರಲಿಲ್ಲ. ವಿಶ್ರಾಂತಿ ಕೋಣೆಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮೂರ್ಖರ ಹಿಂಡು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದರೇನು, ಆ ಹಿಂಡಿನ ಹೊರಗೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಗಳಿಸಿದ ಹೆಸರು ಒಬ್ಬ ತಿಳಿಗೇಡಿಯ ಬಾಯಿಂದ ಹೋಗಿತ್ತು.

ಆ ಪುಸ್ತಕ ನನ್ನ ಬಸ್ಸಿನಲ್ಲೇ ಉಳಿದಿತ್ತು. ಮಾತಾಡುವವರು ಯಾರೂ ಇಲ್ಲದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಡ್ರೈವರ್ ಸೀಟಿನಲ್ಲೇ ಕೂತು ನಾನೂ ಓದಿದೆ. ಪುಸ್ತಕ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಬರೆದವನು ಗಟ್ಟಿಗ. ರಾಜಾರಾಮ ಬೋರಲು ಹಾಕಿದ್ದ ಹಾಳೆಯಲ್ಲಿ ನಾಯಕನ ಜೀವದ ಗೆಳೆಯ "ಮುಂದೆ ಹೋಗಬೇಡ, ಅಪಾಯ" ಎಂದು ಕೂಗುತ್ತಾನೆ, ನಾಯಕ ಅವನನ್ನು ನಂಬುವುದಿಲ್ಲ. ಅದರ ಮುಂದಿನ ಹಾಳೆಗಳನ್ನು ನಮ್ಮ ಗೂಢಚಾರ ಓದಿಯೇ ಇರಲಿಲ್ಲ. ಆ ಗೆಳೆಯ ದ್ರೋಹಿಯಲ್ಲ. ನಿಜ ಹೇಳಿ, ನಂಬಿಸಲಾಗದೆ, ಕೊನೆಗೆ ನಾಯಕನಿಗಾಗಿಯೇ ಸಾಯುತ್ತಾನೆ. ದ್ರೋಹಿ ಬೇರೊಬ್ಬ. ಆ ಗೆಳೆಯ ಸಾಯುವಲ್ಲಿ ನಾನು ಅತ್ತೆ. ಅರ್ಧ ಓದಿದವನೊಬ್ಬನಿಂದ ನನಗೆ ಈ ಗತಿ ಬಂತಲ್ಲ ಎಂದು ಸಿಟ್ಟೂ ಬಂತು. ಬರಲಿ ಅವನು, ಹಾಳೆ ತೆರೆದು ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡೆ.

ಮಳೆಗಾಲದಲ್ಲಿ ರಾಜಾರಾಮ ಮತ್ತೆ ಕೆಲಸಕ್ಕೆ ಬಂದ. ಡ್ಯೂಟಿ ಹಾಕುವವರು ಅವನನ್ನು ನನ್ನ ಬಸ್ಸಿಗೇ ಹಾಕಿದರು. ಅವನನ್ನು ಬೇರೆ ಡ್ರೈವರ್‌ಗಳು ಒಲ್ಲೆ ಎಂದಿದ್ದರು, ನನ್ನನ್ನು ಬೇರೆ ಕಂಡಕ್ಟರುಗಳು ಒಲ್ಲೆ ಎಂದಿದ್ದರು. ಬೆಳಗ್ಗೆ ಗಿರಿಜವ್ವನ ಅಂಗಡಿಯಲ್ಲಿ ಮಾಯಪ್ಪ ಮತ್ತು ಆರೇಳು ಜನ ಡ್ರೈವರ್‌ಗಳು ಕೂತಿದ್ದರು. ನಾನು ಹೊರಗೆ ನಿಂತಿದ್ದೆ. ರಾಜಾರಾಮ ಬಂದವನೇ ನನ್ನ ಕೈ ಹಿಡಿದು ಒಳಗೆ ಕರೆದೊಯ್ದ. ಎರಡು ಚಹಾ ಹೇಳಿದ. ಆಮೇಲೆ ಎದ್ದು ನಿಂತು, ಭಾಷಣ ಮಾಡುವವನಂತೆ ಗಂಟಲು ಸರಿಮಾಡಿಕೊಂಡ.

"ನೋಡ್ರಿಪಾ, ನಾ ಮನಸ್ನ್ಯಾಗ ಏನೂ ಇಟಗೊಂಡಿಲ್ಲ. ಮನಷ್ಯಾ ಅಂದಮ್ಯಾಲ ಒಂದೊಂದ್ ಸಲ ತಪ್ಪು ಆಗತೈತಿ. ಕಾಕಾ ಹಿರ್ಯಾರು. ನಾ ಅವರ್ನ ಮಾಫ್ ಮಾಡೇನಿ. ನೀವೂ ಇದನ್ನ ಬಿಟ್ಬಿಡ್ರಿ."

ಮಾಯಪ್ಪ, "ಭಾಳ ದೊಡ್ಡ ಮನಸಪಾ ನಿಂದು," ಎಂದ. ಉಳಿದವರೂ ಹೌದು ಹೌದು ಎಂದರು. ತಿಂಗಳುಗಳ ಮೇಲೆ ಮೊದಲ ಸಲ ಮಾಯಪ್ಪ ಬೆಂಚಿನ ಮೇಲೆ ಸರಿದು ನನಗೆ ಜಾಗ ಕೊಟ್ಟ. "ಕುಂದರ್ರಿ ಕಾಕಾ," ಎಂದ.

ನಾನು ಕೂತೆ. ರಾಜಾರಾಮ ನನ್ನ ಪಕ್ಕದಲ್ಲಿ ಕೂತು, ಎಲ್ಲರಿಗೂ ಕೇಳುವಂತೆ, "ಆ ಪುಸ್ತಕ ನೀವು ಓದಿದ್ರಂತ ಸುದ್ದಿ ಬಂತು. ನಂದು ಅರ್ಧಕ್ಕ ನಿಂತಿತ್ತು. ಕಡೀಕ ಆ ಗೆಳ್ಯಾನ ದ್ರೋಹಿ, ಹೌದಲ್ರಿ ಕಾಕಾ?" ಎಂದು ಕೇಳಿದ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗಿರಿಜವ್ವ ಚಹಾ ತಂದು ಇಟ್ಟಳು.

"ಹೌದಪಾ," ಎಂದೆ. "ಅಂವನ ದ್ರೋಹಿ."