ಗ್ರಹಣಿ ಹೊತ್ತು ಸೊರಬಕ್ಕೆ

ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಶಿಕಾರಿಪುರ ಬಿಟ್ಟೆವು. ಸೊರಬ ಹೆಚ್ಚೆಂದರೆ ನಲವತ್ತು ಕಿಲೋಮೀಟರ್, ಆದರೆ ನನ್ನ ಹೊಟ್ಟೆಗೆ ಅದು ಕಾಶಿಯಷ್ಟು ದೂರ. ಹನ್ನೆರಡು ವರ್ಷದ ಗ್ರಹಣಿ ನೋಡಿ! ತಿಂದದ್ದು ನಿಲ್ಲುವುದಿಲ್ಲ, ನಾನು ಕೂತಲ್ಲಿ ಕೂರುವಂತಿಲ್ಲ. ಮುಂದಿನ ತಿಂಗಳು ಮಗಳ ಮದುವೆ. ಧಾರೆ ಎರೆಯಬೇಕಾದ ಅಪ್ಪ ನಡುವೆ ಎದ್ದು ಓಡಿದರೆ ಬೀಗರೆದುರು ಮಾನ ಉಳಿಯುತ್ತದೆಯೇ?

ಹೆಂಡತಿ ಗಿರಿಜೆಗೆ ಸೊನ್ನೆ ರೂಪಾಯಿಯ ಟಿಕೆಟ್, ಕಿಟಕಿಯ ಸೀಟು. ನಾನು ದುಡ್ಡು ಕೊಟ್ಟು ಬಾಗಿಲ ಪಕ್ಕ ಕೂತೆ. ಶಿರಾಳಕೊಪ್ಪದಲ್ಲಿ ಇಳಿದು ಓಡಿ ಬಂದಾಗ ಕಂಡಕ್ಟರ್, "ಯಜಮಾನ್ರೇ, ಇನ್ನೆಲ್ಲಾದ್ರೂ ನಿಲ್ಲಿಸ್ಬೇಕಾದ್ರೆ ಈಗ್ಲೇ ಹೇಳ್ಬಿಡ್ರಿ" ಎಂದ. ಬಸ್ಸೆಲ್ಲ ನಕ್ಕಿತು. ನಾಚಿಕೆಯಿಂದ ಸೊರಬದವರೆಗೂ ತಲೆ ಎತ್ತಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಹಕೀಮ್ ಸಾಹೇಬರ ಮನೆ. ಅವರ ಮುತ್ತಜ್ಜ ಉರ್ದುವಿನಲ್ಲಿ ಬರೆದಿಟ್ಟ ಔಷಧಿ ಪುಸ್ತಕದ ಹಾಳೆಗಳು ಹಪ್ಪಳದ ಹಾಗೆ ಒಣಗಿದ್ದವು. ಹೊಟ್ಟೆ ಕಾಯಿಲೆಯವರನ್ನು ಅವರಿಗೆ ಅಡುಗೆ ಮಾಡುವವರ ಜೊತೆಗೇ ನೋಡಬೇಕು ಎಂಬುದು ಆ ಮುತ್ತಜ್ಜನ ಪದ್ಧತಿಯಂತೆ. ಗಿರಿಜೆಯನ್ನು ಕರೆತಂದದ್ದು ಅದಕ್ಕೇ. ನನಗೂ ಖುಷಿಯೇ, ಅವಳ ಸಾರಿನ ಖಾರದ ಮೇಲೆ ನನ್ನ ದೂರು ಇಂದಿನದಲ್ಲ.

ಮಗಳ ಮದುವೆ, ಧಾರೆಯ ಚಿಂತೆ ಎಲ್ಲ ಹೇಳಿಕೊಂಡೆ. ಸಾಹೇಬರು ನನ್ನ ನಾಡಿ ಹಿಡಿದುಕೊಂಡೇ ಗಿರಿಜೆಯನ್ನು ಗಂಟೆ ಗಂಟೆಯ ಲೆಕ್ಕ ಕೇಳಿದರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನ, ಸಪ್ಪೆ ಸಾರು ಎಂದು ಅವಳು ಒಪ್ಪಿಸಿದಳು.

"ಸಂಜೆ ಐದಕ್ಕೇನು ಕೊಡ್ತೀರಮ್ಮ?"

"ಆಗ ಮನೇಲಿರಲ್ಲ ಸಾಹೇಬ್ರೇ, ವಾಕಿಂಗ್ ಹೋಗ್ತಾರೆ."

"ಎಲ್ಲಿಗೆ ಹೋಗ್ತೀರಿ?" ಸಾಹೇಬರು ನನ್ನತ್ತ ತಿರುಗಿದರು.

"ಹೀಗೇ... ಬಸ್ ಸ್ಟ್ಯಾಂಡ್ ಕಡೆ."

"ರೀ, ಅಲ್ಲೇನಿದೆ?" ಎಂದಳು ಗಿರಿಜೆ.

ನಾಡಿ ಅವರ ಕೈಯಲ್ಲಿತ್ತು, ಸುಳ್ಳು ಹೇಳಲು ಧೈರ್ಯ ಬರಲಿಲ್ಲ. "ಮಂಡಕ್ಕಿ. ಮಿರ್ಚಿ. ನಾಲ್ಕೇ ನಾಲ್ಕು."

"ದಿನಾನಾ?" ಗಿರಿಜೆ ಬಿಡಲಿಲ್ಲ.

"ಭಾನುವಾರ ಅಂಗಡಿ ತೆಗೆಯಲ್ಲ."

ಸಾಹೇಬರು ಕೈ ಬಿಟ್ಟರು. ಒಣಗಿದ ದಾಳಿಂಬೆ ಸಿಪ್ಪೆಯ ಪುಡಿ, ಹುರಿದ ಜೀರಿಗೆ, ಕಡೆದ ಮಜ್ಜಿಗೆಯಲ್ಲಿ ಮೂರು ಹೊತ್ತು. "ನಮ್ಮ ಮುತ್ತಜ್ಜ ಬರೆದದ್ದು ಇಷ್ಟೇ. ಮಿರ್ಚಿ ಬಿಟ್ರೆ ಧಾರೆಗೆ ಕೂರ್ತೀರಿ. ಬಿಡ್ದಿದ್ರೆ ಮುಂದಿನ ಸಲ ಅಮ್ಮನ್ನ ಯಾಕೆ ಅಲೆಸ್ತೀರಿ, ಆ ಮಿರ್ಚಿಯವನನ್ನೇ ಕರ್ಕೊಂಡು ಬನ್ನಿ."

ವಾಪಸು ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಗಿರಿಜೆ ಪುಡಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಹನ್ನೆರಡು ವರ್ಷ ಅವಳ ಅಡುಗೆಯನ್ನು ಬೈದದ್ದು ನೆನೆದು ನಿಜಕ್ಕೂ ಸಂಕಟವಾಯಿತು. ಶಿಕಾರಿಪುರದಲ್ಲಿ ಇಳಿದರೆ ಎದುರಿಗೇ ಬಾಣಲೆ, ಅದೇ ಘಮ. ಹಾಳಾದ್ದು, ಕಾಲು ತಾನೇ ತಾನಾಗಿ ನಿಂತಿತು.

"ಹೋಗ್ರಿ, ತಿನ್ರಿ" ಎಂದಳು. "ಧಾರೆಗೆ ನಿಮ್ಮ ಅಣ್ಣನನ್ನ ಕೂರಿಸ್ತೀನಿ. ಈಗ್ಲೇ ಫೋನ್ ಮಾಡ್ಲಾ?"

ನಾನು ಓಡಿದೆ, ಆಟೋ ಕಡೆಗೆ.